ಸ್ಲೈಡಿನ ಮುಂದೆ ಸಾಲು ಹೆಡತಲೆ

ಹೆಡತಲೆ ಅಂದ್ರೆ ತಲೆಯ ಹಿಂಭಾಗ. ನಂಜನಗೂಡು ತಾಲ್ಲೂಕಿನಲ್ಲಿ ಈ ಹೆಸರಿನ ಊರೂ ಇದೆ. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಸ್ಥಾನಕ್ಕೆ ಹೆಸರಾದ ಊರು. ಆಫೀಸುಗಳ ‘ಕನ್ನಡ ಕಲಿಯಿರಿ’ ತರಗತಿಯಲ್ಲಿ ಕೂತವರಿಗೆ ಮಾತ್ರ ಮೊದಲನೇ ಅರ್ಥವೇ ಗತಿ. ದೀಪ ಆರಿಸಿದ ಮೀಟಿಂಗ್ ರೂಮು, ಗೋಡೆ ಮೇಲೆ ಬಣ್ಣಬಣ್ಣದ ಸ್ಲೈಡು, ಕಣ್ಣೆದುರು ಮುಂದಿನ ಸಾಲಿನವರ ಹೆಡತಲೆ. ಮಾತಾಡೋಣ ಅಂದ್ರೆ ಎದುರಿಗೆ ಒಂದು ಮುಖವಿಲ್ಲ.

ಸ್ಲೈಡು ಹಾಕಿದ್ರೆ ಕಲಿಯೋರಿಗೆ ಹುಮ್ಮಸ್ಸು ಬರುತ್ತೆ ಅಂತಾರೆ. ಮೊದಲ ಹತ್ತು ನಿಮಿಷಕ್ಕೆ ಅದು ನಿಜ ಕೂಡ. ಆಮೇಲೆ ವಿಭಕ್ತಿಗಳ ಪಟ್ಟಿ ಒಂದೊಂದೇ ಸಾಲಾಗಿ ಹಾರಿ ಬಂದು ಕೂರುತ್ತೆ. ಎಲ್ಲರೂ ಫೋನ್ ಎತ್ತಿ ಫೋಟೋ ಹೊಡ್ಕೊತಾರೆ. ಕೆಳಗಿಳಿದು ಆಟೋ ನಿಲ್ಲಿಸಿದಾಗ ‘ಮೆಜೆಸ್ಟಿಕ್‌ಗೆ’ ಅನ್ನಬೇಕೋ ‘ಮೆಜೆಸ್ಟಿಕ್‌ನಲ್ಲಿ’ ಅನ್ನಬೇಕೋ ಗೊತ್ತಾಗದೆ ಹಿಂದಿಗೆ ಜಾರ್ತಾರೆ. ಆ ‘ಗೆ’ ಫೋನಿನಲ್ಲಿದೆ, ನಾಲಿಗೆಗೆ ಬಂದಿಲ್ಲ.

1987ರಲ್ಲಿ ಪವರ್‌ಪಾಯಿಂಟ್ ಬಂದಾಗ ಅದರ ಕಣ್ಣು ಇದ್ದದ್ದು ವ್ಯಾಪಾರದ ಸಭೆಗಳ ಮೇಲೆ. ಒಬ್ಬರು ನಿಂತು ಹೇಳೋದು, ಉಳಿದವರು ಕೂತು ಒಪ್ಪೋದು. ಭಾಷೆಯ ತರಗತಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಕೂತವರೇ ಮಾತಾಡಬೇಕು.

ಮೈಸೂರು ಜಿಲ್ಲೆಯಲ್ಲೇ ಇದಕ್ಕೊಂದು ಒಳ್ಳೆ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ‘ನಲಿ ಕಲಿ’ ಶುರುವಾಯ್ತು. ಪ್ರೊಜೆಕ್ಟರ್ ಇಲ್ಲ, ಬರೀ ಕಾರ್ಡುಗಳು. ಮಕ್ಕಳು ಗುಂಪಾಗಿ ಕೂತು ಒಬ್ಬರ ಮುಖ ಒಬ್ಬರು ನೋಡ್ತಾರೆ. ಕಾರ್ಡು ಮಗುವಿನ ಕೈಗೇ ಬರುತ್ತೆ. ಒಂದು ಗುಂಪಿಗೆ ಟೀಚರ್ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ತನ್ನಷ್ಟಕ್ಕೆ ತಾನೇ ಕಲಿಯುತ್ತೆ. ಮುಗಿಸಿದ ಮಗು ಕಲಿಕಾ ಏಣಿಯಲ್ಲಿ ತನ್ನ ಮುಂದಿನ ಮೆಟ್ಟಿಲು ಹುಡುಕಿಕೊಳ್ಳುತ್ತೆ. ಬೇರೆ ಬೇರೆ ತರಗತಿಯ ಮಕ್ಕಳನ್ನ ಒಬ್ಬರೇ ಟೀಚರ್ ಸಂಭಾಳಿಸೋದು ಸುಲಭವಲ್ಲ, ಆ ದೂರು ನ್ಯಾಯವಾದದ್ದೇ. ಆದರೆ ಹುಮ್ಮಸ್ಸಿನ ಮೂಲವನ್ನ ನಲಿ ಕಲಿ ಸರಿಯಾಗಿ ಹಿಡಿದಿತ್ತು. ‘ನಂಗೆ ಬಂತು’ ಅನ್ನಿಸಿದ ಮಗು ಮುಂದಿನ ಕಾರ್ಡಿಗೆ ತಾನೇ ಕೈ ಚಾಚುತ್ತೆ.

ಹಾಗಂತ ಪ್ರೊಜೆಕ್ಟರನ್ನ ಅಟ್ಟಕ್ಕೆ ಹಾಕಬೇಕಿಲ್ಲ. ಹೆಡತಲೆಯ ದೇವಸ್ಥಾನದ ಒಂದೇ ಒಂದು ಫೋಟೋ ಹಾಕಿ, ಅಕ್ಷರ ಬೇಡ. ‘ಇಲ್ಲಿಗೆ ಹೇಗೆ ಹೋಗೋದು?’ ಅಂತ ಇಬ್ಬಿಬ್ಬರು ಎದುರುಬದುರು ಕೂತು ಕೇಳಿಕೊಳ್ಳಲಿ. ಬೆಂಗಳೂರಿನಿಂದ ಮೈಸೂರಿಗೆ, ಮೈಸೂರಿನಿಂದ ನಂಜನಗೂಡಿಗೆ, ರೈಲಲ್ಲೋ ಬಸ್ಸಲ್ಲೋ? ವಿಭಕ್ತಿಗಳು ದಾರಿಯಲ್ಲೇ ಸಿಕ್ತವೆ. ಮುಂದಿನ ಸ್ಲೈಡಿನಲ್ಲಿ ಅರ್ಧ ವಾಕ್ಯ ಇರಲಿ, ಉಳಿದರ್ಧ ಅವರು ಹೇಳಲಿ. ಯಾರಾದ್ರೂ ‘ದೇವಸ್ಥಾನಗೆ’ ಅಂದ್ರೆ ನಗಬೇಡಿ. ‘ಓ, ದೇವಸ್ಥಾನಕ್ಕಾ? ಯಾವಾಗ?’ ಅಂತ ಕೇಳಿ ಮಾತು ಮುಂದುವರಿಸಿ. ಮುಂದಿನ ಸಲ ಅವರ ಬಾಯಲ್ಲೂ ‘ಕ್ಕೆ’ ಬರೋ ಸಾಧ್ಯತೆ ಜಾಸ್ತಿ.

ನಿಮ್ಮ ಆಫೀಸಿನಲ್ಲೂ ಇಂಥ ತರಗತಿ ನಡೀತಿದ್ರೆ, ಗಂಟೆಗೆ ಎಷ್ಟು ಸ್ಲೈಡು ಮುಗೀತು ಅಂತ ಲೆಕ್ಕ ಹಾಕಬೇಡಿ. ಒಬ್ಬೊಬ್ಬರು ಎಷ್ಟು ನಿಮಿಷ ಕನ್ನಡ ಮಾತಾಡಿದ್ರು ಅಂತ ಗಡಿಯಾರ ನೋಡಿ. ಲೆಕ್ಕ ಸೊನ್ನೆಗೆ ನಿಂತ್ರೆ, ಮೊದಲು ಕುರ್ಚಿಗಳನ್ನ ತಿರುಗಿಸಿ ಹಾಕಿ.