ರಾಜುವಿನ ಪಕ್ಕದಲ್ಲಿ ಯಾರಿದ್ದಾರೆ?

ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಚೇರಿ 2022ರಲ್ಲಿ ಒಂದು ಸಚಿತ್ರ ಪುಸ್ತಿಕೆ ಹೊರತಂದಿತು. ಹೆಸರು ‘ರಾಜು ಅಂಡ್ ದಿ ಫಾರ್ಟಿ ಥೀವ್ಸ್’. ಅದರಲ್ಲಿ ಹಣ ಕಳೆದುಕೊಳ್ಳುವ ನಲವತ್ತು ಪ್ರಸಂಗಗಳಿವೆ, ಜೊತೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಪಾಠ. ಇಂಥದ್ದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೆ ಕಥೆಯ ವೇಷ ತೊಟ್ಟು ಬಂದದ್ದನ್ನು ಕಥೆಯಾಗಿಯೇ ಪರೀಕ್ಷಿಸಬೇಕು ಎಂಬುದು ನನ್ನ ಹಟ. ನಮ್ಮ ಬಾಗಲಕೋಟೆ ಸೀಮೆಯಲ್ಲಿಟ್ಟು ಅದನ್ನು ಓದಿದಾಗ ಅನ್ನಿಸಿದ್ದು ಇಲ್ಲಿದೆ.

ಮೊದಲು ಮೆಚ್ಚಬೇಕಾದದ್ದು. ರಾಜು ಒಬ್ಬನೇ ಮನುಷ್ಯನಲ್ಲ. ಒಂದು ಕಡೆ ಮುದುಕ, ಇನ್ನೊಂದು ಕಡೆ ರೈತ, ಮತ್ತೊಂದು ಕಡೆ ಪಕ್ಕದ ಮನೆಯ ಹುಡುಗ. ಮೋಸ ಹೋಗುವವರು ದಡ್ಡರು ಮಾತ್ರ ಎಂಬ ನಮ್ಮ ಅಹಂಕಾರವನ್ನು ಈ ತಂತ್ರ ಮುರಿಯುತ್ತದೆ. ಪಾಠಗಳೂ ಗಟ್ಟಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ ಎಂಬ ಒಂದೇ ಮಾತು ಸಾಕು. ಇಳಕಲ್ಲಿನಲ್ಲಿ ವಾಟ್ಸಾಪಿನಲ್ಲಿ ಸೀರೆಯ ಫೋಟೊ ಕಳಿಸಿ ಮಾರುವವರಿದ್ದಾರೆ, ಗುಳೇದಗುಡ್ಡದಲ್ಲಿ ಖಣ ಮಾರುವವರಿದ್ದಾರೆ. “ಕೋಡ್ ಕಳಿಸೀನ್ರಿ, ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ರೊಕ್ಕ ಬರ್ತೈತಿ” ಎನ್ನುವ ಗಿರಾಕಿಯ ಬಣ್ಣ ಆ ಒಂದು ಮಾತಿನಿಂದ ಬಯಲಾಗುತ್ತದೆ.

ನನ್ನ ತಕರಾರು ಶುರುವಾಗುವುದು ಹೆಸರಿನಿಂದಲೇ. ಆಲಿಬಾಬನ ಕಥೆ ಮೂಲತಃ ಪಾಸ್‌ವರ್ಡಿನ ಕಥೆ. ಸೇಸಮ್ಮನನ್ನು ಕೂಗಿದರೆ ತೆರೆಯುವ ಬಾಗಿಲು. ಆ ಗುಟ್ಟನ್ನು ಕಳ್ಳರ ಬಾಯಿಂದಲೇ ಕದ್ದು ಕೇಳಿದ ಆಲಿಬಾಬ. ಅದನ್ನು ಮರೆತು ಗುಹೆಯೊಳಗೇ ಸಿಕ್ಕಿಬಿದ್ದು ಸತ್ತ ಅವನ ಅಣ್ಣ ಕಾಸಿಮ. ಕೊನೆಗೆ ಮನೆ ಉಳಿಸಿದ್ದು ಗುಟ್ಟಲ್ಲ, ಮನೆಯಲ್ಲಿದ್ದ ಮರ್ಜಿಯಾನ ಎಂಬ ಹೆಣ್ಣುಮಗಳು. ಬಾಗಿಲ ಮೇಲೆ ಕಳ್ಳರು ಹಾಕಿದ ಗುರುತು ಕಂಡು, ಓಣಿಯ ಮನೆಗಳಿಗೆಲ್ಲ ಅಂಥದೇ ಗುರುತು ಹಾಕಿದವಳು. ಪುಸ್ತಿಕೆ ನಲವತ್ತು ಕಳ್ಳರನ್ನು ತಂದಿತು, ಮರ್ಜಿಯಾನಳನ್ನು ಬಿಟ್ಟುಬಂದಿತು. ಹಾಗಾಗಿ ಕಷ್ಟದ ಗಳಿಗೆಯಲ್ಲಿ ರಾಜು ಒಂಟಿ.

ನಮ್ಮ ಊರುಗಳಲ್ಲಿ ಫೋನು ಒಂಟಿ ಮನುಷ್ಯನ ವಸ್ತುವಲ್ಲ. ಹುನಗುಂದದ ಹಳ್ಳಿಯೊಂದರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾಯಿತೋ ಇಲ್ಲವೋ ಎಂದು ಅತ್ತೆ ಸೊಸೆಗೆ ಫೋನು ಕೊಡುತ್ತಾಳೆ, ಸೊಸೆ ಮಗನಿಗೆ, ಮಗ ಅಂಗಡಿಯ ಹುಡುಗನಿಗೆ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬಂದರೆ ಬೇರೆ ದಾರಿಯೂ ಇಲ್ಲ. ಇಂಥವರಿಗೆ “ಯಾರಿಗೂ ಹೇಳಬೇಡಿ” ಎಂದರೆ ಅದು ಅರ್ಧ ಪಾಠ.

ಈ ಎರಡು ಪದಗಳನ್ನು ಇನ್ನೊಬ್ಬನೂ ಹೇಳುತ್ತಾನೆ. ‘ಡಿಜಿಟಲ್ ಅರೆಸ್ಟ್’ ಎಂದು ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡುವವನ ಮೊದಲ ಅಪ್ಪಣೆಯೇ ಅದು: ಫೋನ್ ಇಡಬೇಡಿ, ಮನೆಯವರಿಗೂ ಹೇಳಬೇಡಿ. ಬ್ಯಾಂಕು ಮತ್ತು ಕಳ್ಳ ಇಬ್ಬರೂ ಒಂದೇ ಮಾತು ಆಡಿದಾಗ ಕೇಳುವವರು ಏನು ಮಾಡಬೇಕು? ಪಿನ್, ಒಟಿಪಿ ಗುಟ್ಟು. ಕರೆ ಬಂದದ್ದು ಗುಟ್ಟಲ್ಲ. ಅಂಕಿಯನ್ನು ಯಾರಿಗೂ ಹೇಳಬಾರದು, ಅಂಕಿ ಕೇಳಿದವನ ವಿಷಯವನ್ನು ಎಲ್ಲರಿಗೂ ಹೇಳಬೇಕು. ಎಚ್ಚರಿಕೆಯ ಸಾಹಿತ್ಯ ಈ ಭೇದವನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಇನ್ನೊಂದು ಕೊರತೆ ನೀತಿಗೆ ಸಂಬಂಧಿಸಿದ್ದು. ನೀತಿಕಥೆಯಲ್ಲಿ ಸೋತವನದೇ ತಪ್ಪು ಇರಬೇಕು, ಇಲ್ಲದಿದ್ದರೆ ಪಾಠ ಹುಟ್ಟುವುದಿಲ್ಲ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಬಳಸಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ದೂರುಗಳು ಬಂದವು. ಅವರು ಲಿಂಕ್ ಒತ್ತಿರಲಿಲ್ಲ, ಒಟಿಪಿ ಹೇಳಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ. ಇಂಥ ರಾಜುವಿಗೆ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಬಹುದು ಎಂದು ತಿಳಿಸಬೇಕು; ಜೊತೆಗೆ ಅವನ ಹಕ್ಕನ್ನೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನದೇ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ಹಣ ಹೋದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಹೊಣೆ ಸೊನ್ನೆ. ತಾನೇ ಗುಟ್ಟು ಬಿಟ್ಟುಕೊಟ್ಟಿದ್ದರೂ, ದೂರು ಕೊಟ್ಟ ನಂತರದ ನಷ್ಟ ಬ್ಯಾಂಕಿನದು. ಅಂದರೆ ನಾಚಿಕೆಯಿಂದ ಸುಮ್ಮನಿರುವ ಒಂದೊಂದು ಗಂಟೆಗೂ ಬೆಲೆಯಿದೆ. ರಾಜುವನ್ನು ಪೆದ್ದನಾಗಿ ಚಿತ್ರಿಸುವ ಪ್ರತಿ ಚಿತ್ರವೂ ಆ ನಾಚಿಕೆಯನ್ನು ಒಂದಿಷ್ಟು ಹೆಚ್ಚಿಸುತ್ತದೆ.

ಬಾದಾಮಿಯಿಂದ ತುಸು ದೂರದಲ್ಲೇ ಐಹೊಳೆಯಿದೆ. ಆ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದುದ್ದಕ್ಕೂ, ಕಡಲಾಚೆಗೂ ವ್ಯಾಪಾರ ಮಾಡಿತು. ದಾರಿಯಲ್ಲಿ ಕಳ್ಳರಿದ್ದರು ಎಂದು ಅವರಿಗೂ ಗೊತ್ತಿತ್ತು. ಒಬ್ಬೊಬ್ಬನೇ ಹುಷಾರಾಗಿರು ಎಂದಷ್ಟೇ ಹೇಳಿ ಕಳಿಸಲಿಲ್ಲ. ಕೂಡಿ ನಡೆದರು, ಕಾವಲಿನವರನ್ನು ಇಟ್ಟುಕೊಂಡರು.

ನಲವತ್ತೊಂದನೆಯ ಕಥೆಯನ್ನು ಯಾರಾದರೂ ಬರೆಯುವುದಾದರೆ ಹೀಗಿರಲಿ. ಕರೆ ಬರುತ್ತದೆ. ರಾಜು ಹೆದರುತ್ತಾನೆ. ಫೋನ್ ಇಟ್ಟು, ಮಗ್ಗದ ಮನೆಯಿಂದ ಹೊರಗೆ ಬಂದು, ಎದುರು ಮನೆಯ ಅಕ್ಕನನ್ನು ಕೇಳುತ್ತಾನೆ: “ಯಕ್ಕಾ, ಹಿಂಗ ಅಂತಾರ, ಖರೇನ?” ಹಣ ಆಗಲೇ ಹೋಗಿದ್ದರೆ ಆಕೆ ಬೈಯುವುದಿಲ್ಲ, 1930ಕ್ಕೆ ಕರೆ ಹಚ್ಚಿ ಫೋನನ್ನು ಅವನ ಕೈಗೆ ಕೊಡುತ್ತಾಳೆ.