ಮುಳುಗಿದ ಬೋಟನ್ನು ಓದುವ ವಿದ್ಯೆ

ನಮ್ಮ ಕರಾವಳಿಯಲ್ಲಿ ಸ್ಕೂಬಾ ಎಂದರೆ ನೇತ್ರಾಣಿ ದ್ವೀಪ; ಅದರ ಬಣ್ಣದ ಮೀನುಗಳ ವರ್ಣನೆ ಸಾಕಷ್ಟು ಆಗಿದೆ. ಅಲ್ಲಿಂದ ಮುಂದೆ ಹೋದವರು ಈಗ ಕೊಂಡಾಡುತ್ತಿರುವುದು ಯುರೋಪಿನ ಉತ್ತರದ ಚಳಿನೀರಿನಲ್ಲಿ ಮುಳುಗಿರುವ ಸಣ್ಣ ಮೀನುಗಾರಿಕಾ ಬೋಟುಗಳಿಗೆ ಇಳಿಯುವ ಸಾಹಸವನ್ನು. ಮೈಗೆ ನೀರು ತಾಗದ ಡ್ರೈಸೂಟ್, ಮರಗಟ್ಟುವ ಬೆರಳು, ನೀರು 10 ಡಿಗ್ರಿಗಿಂತ ತಣ್ಣಗಾದರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ಸಿಲಿಂಡರಿನ ಗಾಳಿಯೆಲ್ಲ ಹರಿದುಹೋಗುವ ಭಯ. ಕಷ್ಟ ನಿಜವೇ. ಆದರೆ ಪಟ್ಟ ಕಷ್ಟವನ್ನೇ ಪಡೆದ ಫಲವೆಂದು ಎಣಿಸುವ ಈ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಇಳಿದವನು ಬೋಟಿನಿಂದ ಏನನ್ನು ಓದಿಕೊಂಡು ಮೇಲೆ ಬಂದ ಎಂಬುದೇ ಅಳತೆಯಾಗಬೇಕು.

ಈ ಅಳತೆಗೆ ಹತ್ತಿರದ ಉದಾಹರಣೆ ಮಲ್ಪೆಯ ಮೀನುಗಾರಿಕಾ ಬೋಟು ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ರಂದು ಏಳು ಮೀನುಗಾರರೊಂದಿಗೆ ಹೊರಟ ಬೋಟು ಎರಡು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. 2019ರ ಮೇ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಅವಶೇಷವನ್ನು ಪತ್ತೆಹಚ್ಚಿತು. ಹವ್ಯಾಸಿಗಳ ಮಿತಿ 40 ಮೀಟರ್. 60 ಮೀಟರಿನಲ್ಲಿ ಒತ್ತಡ ಮೇಲಿನ ಏಳು ಪಟ್ಟು, ಉಸಿರಿಗೆ ಖರ್ಚಾಗುವ ಗಾಳಿಯೂ ಅಷ್ಟೇ ಪಟ್ಟು. ಸಾಮಾನ್ಯ ಗಾಳಿಯನ್ನೇ ಉಸಿರಾಡಿದರೆ ಸಾರಜನಕ ಬುದ್ಧಿಯನ್ನು ಮಂಕು ಮಾಡುತ್ತದೆ. ಅಲ್ಲಿಗೆ ಇಳಿದವರ ಕೌಶಲದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಊರಿನ ಚರ್ಚೆಯಲ್ಲಿ ಉಳಿದದ್ದು ಆಳ, ದೂರ, ಗುರುತು, ಇಷ್ಟೇ. ಬೋಟಿಗೆ ಯಾವುದಾದರೂ ಹಡಗು ಡಿಕ್ಕಿ ಹೊಡೆಯಿತೇ ಎಂಬ ಮೀನುಗಾರರ ಪ್ರಶ್ನೆಗೆ ಇವು ಉತ್ತರವಲ್ಲ.

ಉತ್ತರ ಇರುವುದು ಸಣ್ಣ ಸಣ್ಣ ವಸ್ತುಗಳಲ್ಲಿ. ಟ್ರಾಲ್ ಬೋಟಿನಲ್ಲಿ ಬಲೆಯ ರೋಪ್ ಸುತ್ತುವ ವಿಂಚನ್ನೇ ನೋಡಿ. ರೋಪ್ ಪೂರ್ತಿ ಸುತ್ತಿಕೊಂಡಿದ್ದರೆ ಬಲೆ ನೀರಿನಲ್ಲಿರಲಿಲ್ಲ. ಬಿಚ್ಚಿ ಹೋಗಿದ್ದರೆ ಬೋಟು ಬಲೆ ಎಳೆಯುತ್ತಿದ್ದಿರಬಹುದು, ಹಾಗಿದ್ದರೆ ಎದುರಿಗೆ ಹಡಗು ಬಂದರೂ ಬೋಟು ನಡೆಸುವ ತಾಂಡೇಲನಿಗೆ ಥಟ್ಟನೆ ತಿರುಗಿಸಲಾಗದು. ಇಂಜಿನ್ನಿನ ಗೇರ್ ಮುಂದಕ್ಕಿತ್ತೇ, ನ್ಯೂಟ್ರಲ್‌ನಲ್ಲಿತ್ತೇ? ಒಡಲು ಒಳಕ್ಕೆ ತಗ್ಗಿದೆಯೇ, ಅಥವಾ ತಳಕ್ಕೆ ಬಡಿದು ಸೀಳಿದೆಯೇ? ಈ ಎರಡನ್ನು ಬೇರ್ಪಡಿಸುವುದೇ ಅತ್ಯಂತ ಕಠಿಣ, ಏಕೆಂದರೆ ಮುಳುಗುವ ಬೋಟು ನೆಲಕ್ಕೆ ಬಿದ್ದಾಗ ಎರಡನೇ ಗಾಯ ಮಾಡಿಕೊಳ್ಳುತ್ತದೆ. ಇದನ್ನೆಲ್ಲ ನೋಡಲು ಕೆಸರು ಏಳಬಾರದು. ಫಿನ್ ಒಮ್ಮೆ ಕೆಳಕ್ಕೆ ಬಡಿದರೂ ಮುಂದಿನದು ಕಾಣದಾಗುತ್ತದೆ. ಹಾಗಾಗಿ ಪಾದಗಳನ್ನು ಮೇಲೆತ್ತಿ, ತೇಲುವಿಕೆಯನ್ನು ಉಸಿರಿನಿಂದಲೇ ಹಿಡಿತದಲ್ಲಿಟ್ಟು, ಬೋಟಿಗೆ ತಾಗದೆ ಸುತ್ತುವುದೇ ಈ ವಿದ್ಯೆ. ಸಾಹಸದ ವೀಡಿಯೊಗಳಲ್ಲಿ ಇದಕ್ಕೆ ಜಾಗವಿಲ್ಲ, ನೋಡಲು ಏನೂ ನಡೆಯುತ್ತಿಲ್ಲವೆನಿಸುತ್ತದೆ.

ಚಳಿನೀರಿನ ಅಭಿಮಾನಿಗಳದ್ದೊಂದು ವಾದವಿದೆ: ಅಲ್ಲಿ ಅವಶೇಷ ಶತಮಾನಗಳ ಕಾಲ ಉಳಿಯುತ್ತದೆ, ಓದಲು ಸಿಗುತ್ತದೆ, ನಮ್ಮ ಬೆಚ್ಚನೆಯ ಕಡಲಲ್ಲಿ ಏನು ಸಿಕ್ಕೀತು? 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದ ಸ್ವೀಡನ್ನಿನ ವಾಸಾ ಹಡಗನ್ನು ಸಾಕ್ಷಿಗೆ ತರುತ್ತಾರೆ. ಚಳಿ ಕೊಳೆತವನ್ನು ನಿಧಾನಿಸುತ್ತದೆ, ಒಪ್ಪೋಣ. ಆದರೆ ವಾಸಾ ಉಳಿಯಲು ದೊಡ್ಡ ಕಾರಣ ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆಯಿದ್ದು ಮರಕೊರಕ ಹುಳು ಬದುಕದಿರುವುದು. ಬರೀ ಚಳಿಗೆ ಆ ಕೀರ್ತಿ ಕೊಡುವುದು ಸೋಮಾರಿತನ. ಇನ್ನು ನಮ್ಮಲ್ಲಿ ಮರದ ಬೋಟನ್ನು ಹುಳು ತಿನ್ನುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಟ್ರಾಲ್ ಬಲೆಗಳು ಉಳಿದದ್ದನ್ನು ಎಳೆದಾಡುತ್ತವೆ. ಹಾಗಾದರೆ ನಮ್ಮ ಅವಶೇಷಕ್ಕೆ ಬೆಲೆ ಕಡಿಮೆಯೇ? ತದ್ವಿರುದ್ಧ. ಅಲ್ಲಿನದು ಕಾಯುತ್ತದೆ, ಇಲ್ಲಿನದು ಕಾಯುವುದಿಲ್ಲ. ಮೊದಲ ಇಳಿತವೇ ಪೂರ್ಣ ಓದಾಗಬೇಕಾದದ್ದು ಇಲ್ಲಿ.

ಸುವರ್ಣ ತ್ರಿಭುಜದ ವಿಷಯದಲ್ಲಿ ನೌಕಾಪಡೆಯ ಕೆಲಸ ಹುಡುಕುವುದು ಮಾತ್ರ, ತನಿಖೆಯಲ್ಲ ಎನ್ನುವವರಿದ್ದಾರೆ. ಇರಬಹುದು, ಆದರೆ ಆ ಆಳಕ್ಕೆ ಬೇರೆ ಯಾರು ಹೋಗುತ್ತಾರೆ? ಈ ಪ್ರಶ್ನೆ ನಮ್ಮೆಲ್ಲರದೂ ಹೌದು: ನಮ್ಮ ಮನೆಗಳಿಗೆ ಮೀನು ಬರುವುದು ಬಂದರಿನ ಧಕ್ಕೆಯಿಂದ, ಧಕ್ಕೆಗೆ ಬರುವುದು ಇಂಥ ಬೋಟುಗಳಿಂದ. ಮುಂದೆ ಬೋಟು ಮುಳುಗಿ ಯಾರಾದರೂ ಕೆಳಗೆ ಇಳಿದರೆ ವಿಂಚ್, ಗೇರ್, ಒಡಲು ಈ ಮೂರರ ಚಿತ್ರಗಳನ್ನು ಮೀನುಗಾರರ ಸಂಘಕ್ಕೂ ಮನೆಯವರಿಗೂ ಕೊಡಬೇಕೆಂದು ಮೀನುಗಾರಿಕಾ ಇಲಾಖೆ ಮೊದಲೇ ಕೇಳಿಡಲಿ.