ಕಲ್ಲಿನ ಗುಣ, ಕೈಯ ಹೆಸರು

ಚೀನೀಯರಿಗೆ ಜೇಡ್ ಎಂಬ ಹಸಿರು ಕಲ್ಲು ಬರೀ ಒಡವೆಯಲ್ಲ, ಸಜ್ಜನಿಕೆಯ ಗುರುತು. ಕನ್‌ಫ್ಯೂಶಿಯಸ್‌ನ ಪರಂಪರೆ ಅದರ ಹೊಳಪಿನಲ್ಲಿ ಕರುಣೆಯನ್ನು, ಗಟ್ಟಿತನದಲ್ಲಿ ವಿವೇಕವನ್ನು ಕಂಡಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಪದಕಗಳಲ್ಲೂ ಅದನ್ನು ಕೂರಿಸಿದ್ದರು.

ನಮ್ಮ ಹಾನುಬಾಳಿನಿಂದ ಹೆಚ್ಚು ದೂರವಿಲ್ಲದ ಬೇಲೂರಿನದು ಮೆತ್ತನೆಯ ಬಳಪದ ಕಲ್ಲು. 1117ರ ಚೆನ್ನಕೇಶವ ದೇಗುಲಕ್ಕೆ ಬಳಸಿದ್ದು ಅದನ್ನೇ. ಇಲ್ಲಿ ಕಲ್ಲಿಗೆ ಬೆಲೆ ತಂದದ್ದು ಕೆತ್ತಿದ ಕೈಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳಡಿ ಹೆಸರನ್ನೂ ಕೊರೆದಿದ್ದಾರೆ. ನಾವೋ ಅದನ್ನು ಓದದೆ, ಜಕಣಾಚಾರಿಯ ಐತಿಹ್ಯವನ್ನಷ್ಟೇ ಹೇಳಿಕೊಂಡು ಬರುತ್ತೇವೆ. 2023ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಾಗ ಹೆಮ್ಮೆಪಟ್ಟೆವು. ಆದರೆ ಕಲ್ಲನ್ನು ಹೊಗಳಿ, ಬೆವರು ಸುರಿಸಿದವನನ್ನು ಮರೆಯುವುದು ಯಾವ ಸಂಸ್ಕೃತಿ? ಬೇಲೂರಿಗೆ ಮಕ್ಕಳನ್ನು ಕರೆದೊಯ್ಯುವಾಗ ಮೊದಲು ಆ ಹೆಸರುಗಳನ್ನು ತೋರಿಸೋಣ.